ಪಟ್ಟೆಯವರು ಮತ್ತು ಹೊಟ್ಟೆಬಾಕರು

ಜೂನ್ ೯

ಪುಟ್ಟಿ,

ನಿನ್ನ ಎರಡು ಡಬ್ಬಿಗಳೂ ಕ್ಷೇಮವಾಗಿ ಬಂದು ತಲುಪಿದವು. ತಂದವನ ಕ್ಷೇಮದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ನಿನ್ನ ಗಂಡ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವುಗಳನ್ನು ತೊಡೆಯ ಮೇಲಿಟ್ಟುಕೊಳ್ಳಲೂ ಆಗದೆ, ಕೆಳಗಿಡಲೂ ಆಗದೆ ಒದ್ದಾಡಿದನಂತೆ. ನಾನು ಬಾಗಿಲು ತೆಗೆದದ್ದೇ ತಡ, "ತಗೋಮ್ಮ, ನಿನ್ನ ಮೊಮ್ಮಕ್ಕಳು" ಎಂದು ಕೈಗೆ ತುರುಕಿ ಸ್ನಾನದ ಮನೆ ಸೇರಿದ. ಪ್ರೆಸ್ಸಿನಲ್ಲಿ ಅಷ್ಟು ದೊಡ್ಡ ಮುದ್ರಣ ಯಂತ್ರದ ಹೊಟ್ಟೆಯೊಳಗೆ ಕೈ ಹಾಕುವವನಿಗೆ ಉಗುರಿನಷ್ಟೂ ಇಲ್ಲದ ಹುಳ ಕಂಡರೆ ಭಯ. ಹೆತ್ತವಳು ನಾನೇ, ಯಾರನ್ನು ಬೈಯಲಿ?

ರಜೆಗೆ ನೀನು ಬರಲಿಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ. "ಹುಳಗಳನ್ನು ಬಿಟ್ಟು ಬರುವ ಹಾಗಿಲ್ಲ ಅತ್ತೆ" ಎಂದು ಬರೆದೆಯಲ್ಲ, ಅದಕ್ಕೇ ನಾಲ್ಕು ಕಳಿಸು ಎಂದದ್ದು. ನನ್ನ ಸೊಸೆಯನ್ನು ಮನೆಗೆ ಬಾರದ ಹಾಗೆ ಹಿಡಿದಿಟ್ಟ ಮಹಾನುಭಾವರ ಮುಖ ನೋಡಬೇಕಿತ್ತು. ನೋಡಿದೆ. ಮುಖ ಯಾವುದು, ಬಾಲ ಯಾವುದು ಎಂದೇ ಮೊದಲು ಗೊತ್ತಾಗಲಿಲ್ಲ.

ನಿನ್ನ ಚೀಟಿ ಓದಿದೆ. ಮೊದಲ ಡಬ್ಬಿಯವು ಕಪ್ಪು, ಬಿಳಿ, ಹಳದಿ ಪಟ್ಟೆಯವು. ಎಕ್ಕದ ಗಿಡ ಬಿಟ್ಟು ಬೇರೇನನ್ನೂ ಮೂಸಿ ನೋಡುವುದಿಲ್ಲ. ಎರಡನೆಯ ಡಬ್ಬಿಯವು ಕೋಸು, ಹರಳು, ಹತ್ತಿ, ಗುಲಾಬಿ ಯಾವುದು ಸಿಕ್ಕಿದರೂ ಬಿಡುವುದಿಲ್ಲ. ನೀನು ಇಬ್ಬರಿಗೂ ಎಕ್ಕವನ್ನೇ ಬಡಿಸಿ, ಯಾರು ಹೇಗೆ ಬೆಳೆಯುತ್ತಾರೆ ಎಂದು ನೋಡುತ್ತಿದ್ದೀಯ. ಇಷ್ಟು ಅರ್ಥವಾಯಿತು. ಚೀಟಿಯಲ್ಲಿರುವ ಉದ್ದನೆಯ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ನನ್ನ ಲೆಕ್ಕದಲ್ಲಿ ಇವರು ಪಟ್ಟೆಯವರು, ಅವರು ಹೊಟ್ಟೆಬಾಕರು.

ಪ್ರೆಸ್ಸಿನ ಹಿಂದಿನ ಬಯಲಿನಿಂದ ಒಂದು ಎಕ್ಕದ ಗಿಡವೂ ಕುಂಡ ಸಮೇತ ಬಂದು ಬಾಲ್ಕನಿಯಲ್ಲಿ ಕೂತಿದೆ. ನೀನು ಚಿಂತೆ ಮಾಡಬೇಡ. ಆಯುಷ್ಯವನ್ನೆಲ್ಲ ಮಕ್ಕಳ ವಾರ್ಡಿನಲ್ಲಿ ಸವೆಸಿದ ಹೆಡ್ ನರ್ಸ್ ನಾನು. ಅಳುವ, ಒದೆಯುವ, ಔಷಧಿ ಉಗಿಯುವ ಮಕ್ಕಳನ್ನು ಸಂಭಾಳಿಸಿದವಳಿಗೆ ಬಾಯಿಲ್ಲದ ಇವು ಯಾವ ದೊಡ್ಡ ಮಾತು?

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಮಿಕ್ಕರ್ಧ ನಾನೇ ಸೇರಿಸಿಕೊಳ್ಳುತ್ತೇನೆ ಎಂದು ನೀನೇ ದೂರುತ್ತೀಯ. ಕಾಗದ ಬರೆ.

ನಿನ್ನ ಅತ್ತೆ


ಜೂನ್ ೧೬

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಹುಳದ ಕೋಣೆಯಲ್ಲೇ ನಿಂತು ಓದಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನಲ್ಲಿ ಕೋಸಿನ ಹುಳ ಸಾಕುವ ಸಹೋದ್ಯೋಗಿ, ನಮ್ಮ ಕೋಸಿನ ಹುಳದವರು, ಕತ್ತು ಎತ್ತಿ ನೋಡಿದರು. ನಿಮ್ಮ ಹೆಸರುಗಳು ಇಲ್ಲಿಯೂ ಓಡಾಡಲು ಶುರುವಾಗಿವೆ, ನಿನ್ನೆ ಕಾವಲುಗಾರ ಕೂಡ "ಮೇಡಂ, ಹೊಟ್ಟೆಬಾಕರ ಕೋಣೇಲಿ ದೀಪ ಆರಿಸ್ಲಾ?" ಎಂದ.

ಈ ಕೋಣೆ ನಿಮಗೆ ಇಷ್ಟವಾಗುತ್ತದೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಯ ಮೇಲೆ ಗಾಜಿನ ಮುಚ್ಚಳದ ಡಬ್ಬಿಗಳು, ಒಂದೊಂದಕ್ಕೂ ಚೀಟಿ. ಬೆಳಿಗ್ಗೆ ತೋಟದಿಂದ ಎಕ್ಕದ ಎಲೆ ಕತ್ತರಿಸಿ ತರುತ್ತೇನೆ. ಅದರ ಹಾಲು ಎಂಥ ಅಂಟು ಎಂದರೆ, ಹಾಗೇ ಹಾಕಿದರೆ ಡಬ್ಬಿಯ ಮುಚ್ಚಳ ಏಳುವುದಿಲ್ಲ. ಅದಕ್ಕೆ ತೊಟ್ಟನ್ನು ನೀರಿನಲ್ಲಿ ಅದ್ದಿಟ್ಟು, ಸೋರುವುದು ನಿಂತ ಮೇಲೆ ತೊಳೆದು, ಬಟ್ಟೆಯಲ್ಲಿ ಒರೆಸಿ ಹುಳಗಳಿಗೆ ಕೊಡುತ್ತೇನೆ. "ಡಬ್ಬಿ ಇಡೋದು ಹೇಗೆ ಅಂತ ಇವರನ್ನ ನೋಡಿ ಕಲೀರಿ" ಎಂದು ನಮ್ಮ ದೊಡ್ಡವರು, ಅಂದರೆ ಈ ಸಂಶೋಧನಾ ಕೇಂದ್ರದ ಮುಖ್ಯಸ್ಥರು, ಎಲ್ಲರೆದುರು ಹೇಳಿದರು. ಇದು ನಿಮ್ಮ ಅಡಿಗೆಮನೆಯಲ್ಲಿ ಕಲಿತ ಶುಚಿ. ಆಗ ಗೊಣಗಿಕೊಂಡು ಕಲಿತೆ, ಈಗ ಹೆಸರು ತಂದುಕೊಟ್ಟಿತು.

ಈಗ ದೊಡ್ಡ ಸುದ್ದಿ. ದೊಡ್ಡವರು ಮೊದಲಿನಿಂದಲೂ ಹೇಳುತ್ತಾ ಬಂದದ್ದು ಒಂದೇ: ಎಕ್ಕದ ಮೇಲೆ ಪಟ್ಟೆಯವನು ಮಾತ್ರ ಬದುಕಬಲ್ಲ, ಹೊಟ್ಟೆಬಾಕನನ್ನು ಬಯಲಿನ ಎಕ್ಕದ ಮೇಲೆ ತಾವು ಒಮ್ಮೆಯೂ ಕಂಡಿಲ್ಲ. ನನ್ನ ಡಬ್ಬಿಗಳಲ್ಲಿ ಹೊಟ್ಟೆಬಾಕರು ದುಂಡುದುಂಡಗೆ ಬೆಳೆಯುತ್ತಿದ್ದಾರೆ! ಅಂದರೆ ಬಯಲಿನಲ್ಲಿ ತಾಯಿ ಪತಂಗ ಅಲ್ಲಿ ಮೊಟ್ಟೆ ಇಡುವುದಿಲ್ಲ, ಅಷ್ಟೇ. ಗಿಡದ ಹಾಲು ಯಾರನ್ನೂ ತಡೆಯುವುದಿಲ್ಲ. ಜುಲೈ ಇಪ್ಪತ್ತಕ್ಕೆ ಸಭೆಯಿದೆ. ಸಮಿತಿಯ ಮುಂದೆ ಇದನ್ನು ಓದಬೇಕು. ಅವರು ಒಪ್ಪಿದರೆ ಇಲ್ಲಿ ಹುದ್ದೆ ಕಾಯಂ ಆಗುತ್ತದೆ. ಒಪ್ಪದಿದ್ದರೆ ಆ ತಿಂಗಳ ಕೊನೆಗೆ ಕೋಣೆಯ ಬೀಗದ ಕೈ ಒಪ್ಪಿಸಿ ಹೊರಡಬೇಕು. ಇರುವುದು ಒಂದೇ ಹುದ್ದೆ. ಕೋಸಿನ ಹುಳದವರೂ ಅದಕ್ಕೇ ಕಾಯುತ್ತಿದ್ದಾರೆ. ಇದನ್ನು ನಿಮ್ಮ ಮಗನಿಗೆ ನಾನಿನ್ನೂ ಪೂರ್ತಿ ಹೇಳಿಲ್ಲ, ನೀವೂ ಹೇಳಬೇಡಿ.

ನಿಮ್ಮ ಮನೆಯ ಹೊಟ್ಟೆಬಾಕರು ಹೇಗಿದ್ದಾರೆ? ನಿಮ್ಮ ಕೈಗೆ ಕೊಟ್ಟದ್ದು ಬದುಕದೆ ಇರುವುದಿಲ್ಲ, ಆದರೂ ಕೇಳುತ್ತಿದ್ದೇನೆ.

ನಿಮ್ಮ ಪುಟ್ಟಿ


ಜೂನ್ ೨೪

ಪುಟ್ಟಿ,

ಪಟ್ಟೆಯವರ ವಿಷಯ ಬರೆಯುತ್ತೇನೆ. ಬರೆಯುವುದು ಬಹಳವಿದೆ.

ಮೊದಲ ದಿನ ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದ ಮರಿ ಏನು ಮಾಡಿತು ಗೊತ್ತೆ? ಎಲೆಯ ಮೇಲೆ ತನ್ನ ಸುತ್ತ ಒಂದು ವೃತ್ತ ಕೊರೆದುಕೊಂಡಿತು. ಕೊರೆದು ಮುಗಿಸಿದ ಮೇಲೆ ಆ ವೃತ್ತದ ಒಳಗೇ ಕೂತು ತಿಂದಿತು. ಹುಟ್ಟಿ ಒಂದು ದಿನವಾಗಿಲ್ಲ, ಯಾರು ಹೇಳಿಕೊಟ್ಟರು ಇದಕ್ಕೆ? ನಾನು ಕನ್ನಡಕದ ಮೇಲೆ ಭೂತಗಾಜು ಹಿಡಿದುಕೊಂಡು ಉಸಿರು ಬಿಡದೆ ನೋಡಿದೆ. ಒಲೆಯ ಮೇಲಿಟ್ಟ ಅನ್ನ ಸೀದುಹೋಯಿತು.

ಬೆಳೆದ ಮೇಲೆ ಇನ್ನೂ ಚೆನ್ನ. ಎಲೆಯ ಬುಡಕ್ಕೆ ಹೋಗಿ ನಡುನರವನ್ನು ಕಚ್ಚುತ್ತಾನೆ, ಹಿಂದೆ ಸರಿಯುತ್ತಾನೆ, ಬಾಯಿ ಒರೆಸಿಕೊಳ್ಳುತ್ತಾನೆ, ಮತ್ತೆ ಅಲ್ಲೇ ಕಚ್ಚುತ್ತಾನೆ. ಊಟದ ಸುದ್ದಿಯೇ ಇಲ್ಲ. ನಾನು "ತಿನ್ನೋ ಮಾರಾಯ" ಎಂದು ಬಾಯಿಬಿಟ್ಟು ಹೇಳಿದರೂ ಇಲ್ಲ. ನರ ಪೂರ್ತಿ ತುಂಡಾದ ಮೇಲೆ ಎಲೆಯ ತುದಿಗೆ ಹೋಗಿ ನಿಧಾನವಾಗಿ ಊಟಕ್ಕೆ ಕೂರುತ್ತಾನೆ. ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್ ಇದ್ದರು. ಹೊರಗೆ ಯಾರೆಷ್ಟು ಅವಸರ ಮಾಡಿದರೂ ಮೊಣಕೈವರೆಗೆ ಕೈ ತೊಳೆದು ಮುಗಿಯುವ ತನಕ ಅವರು ಚಾಕು ಮುಟ್ಟುತ್ತಿರಲಿಲ್ಲ. ಅವರ ನೆನಪಾಯಿತು. ಒಂದೇ ಗಿಡ ನಂಬಿಕೊಂಡು ಬದುಕುವವನಿಗೆ ಆ ಗಿಡದ ಗುಟ್ಟೆಲ್ಲ ಗೊತ್ತಿರುತ್ತದೆ, ಏನಂತೀಯ?

ನಿನ್ನ ಗಂಡ ಈಗ ಕುರ್ಚಿ ಎಳೆದುಕೊಂಡು ಬಾಲ್ಕನಿಯ ಬಾಗಿಲವರೆಗೆ ಬರುತ್ತಾನೆ. ಹೊಸ್ತಿಲು ದಾಟುವುದಿಲ್ಲ. ಅಲ್ಲಿಂದಲೇ "ಆಯ್ತೇನಮ್ಮ ಕತ್ತರಿಸಿ?" ಎಂದು ವರದಿ ಕೇಳುತ್ತಾನೆ. ಹುದ್ದೆಯ ವಿಷಯ ಅವನಿಗೆ ಹೇಳಿಲ್ಲ.

ಹೊಟ್ಟೆಬಾಕರ ವಿಷಯ ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ. ನೀನು ಹೊತ್ತುಹೊತ್ತಿಗೆ ಊಟ ಮಾಡು.

ಅತ್ತೆ


ಜುಲೈ ೨

ಅತ್ತೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ನನ್ನ ಬರಹದ ಶೀರ್ಷಿಕೆ ಸಭೆಯ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿದೆ: "ಎಕ್ಕದ ಹಾಲು ತಡೆಯಲ್ಲ". ಎಷ್ಟು ಸಲ ತೆಗೆದು ನೋಡಿದೆನೋ.

ನಿಮ್ಮ ಪಟ್ಟೆಯವನ ವರ್ಣನೆ ಓದಿ ಖುಷಿಯಾಯಿತು. ಆದರೆ ನೀವು ಅವನನ್ನು ಸುಮ್ಮನೆ ತಲೆಯ ಮೇಲೆ ಕೂರಿಸಿಕೊಂಡಿದ್ದೀರಿ! ಆ ನರ ಕಚ್ಚುವುದು ನನ್ನ ಡಬ್ಬಿಗಳಲ್ಲೂ ಆಗಾಗ ಇದೆ. ಅದೊಂದು ಹಳೆಯ ಚಾಳಿ ಅತ್ತೆ, ಅದರಿಂದ ಪ್ರಯೋಜನ ಕಾಣಲಿಲ್ಲ. ಅವನು ಅಲ್ಲಿ ಕಚ್ಚುತ್ತಾ ಕೂತಿರುವಾಗ ಪಕ್ಕದ ಡಬ್ಬಿಯ ಹೊಟ್ಟೆಬಾಕ ಅರ್ಧ ಎಲೆ ಮುಗಿಸಿರುತ್ತಾನೆ. ಹರಳಿಗೂ ಸೈ, ಕೋಸಿಗೂ ಸೈ, ಎಕ್ಕಕ್ಕೂ ಸೈ. ಎಲ್ಲಿ ಬಿಟ್ಟರೂ ಸಂಸಾರ ಹೂಡುವ ಜೀವ ಅದು. ನನಗೆ ಅವನೇ ಮೆಚ್ಚು. ನಾನೂ ಸ್ವಲ್ಪ ಹಾಗೇ ಅಲ್ಲವೆ? ಮೊದಲು ಲೆಕ್ಕ ಓದಿದೆ, ಆಮೇಲೆ ಔಷಧಿ ಅಂಗಡಿಯಲ್ಲಿದ್ದೆ, ಈಗ ಹುಳ.

ಹೊಟ್ಟೆಬಾಕರ ಬಗ್ಗೆ ಬೇರೆ ಕಾಗದವನ್ನೇ ಬರೆಯುತ್ತೀರಿ ಎಂದರೆ ಹೇಳುವುದು ಬೇಕಾದಷ್ಟಿದೆ ಎಂದಾಯಿತು. ಅವು ಅಲ್ಲಿಯೂ ಕೊಬ್ಬಿರಬೇಕು! ಒಂದು ಮಾತು ಕೇಳುತ್ತೇನೆ, ಬೇಡ ಎನ್ನಬೇಡಿ. ಸಭೆಯಲ್ಲಿ ಕೊನೆಗೆ ನಿಮ್ಮ ವಿಷಯವನ್ನೂ ಹೇಳುತ್ತೇನೆ: ದೂರದ ನಗರದಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ, ಅನುಭವಸ್ಥ ನರ್ಸ್ ಒಬ್ಬರು ಸಾಕಿದಾಗಲೂ ಹೀಗೆಯೇ ಆಯಿತು ಎಂದು. ಮೊನ್ನೆ ದೊಡ್ಡವರೇ "ಇಷ್ಟು ಸಾಕ್ಷಿ ಇದ್ರೆ ನಾನೂ ಒಪ್ಕೋಬೇಕಾಗತ್ತಮ್ಮ" ಎಂದರು. ಅವರ ಮುಖ ಸ್ವಲ್ಪ ಸಪ್ಪಗಿತ್ತು. ಪಾಪ ಎನಿಸಿತು, ಹೆಮ್ಮೆಯೂ ಆಯಿತು.

ಪುಟ್ಟಿ


ಜುಲೈ ೬

ಪುಟ್ಟಿ,

ಇದನ್ನು ನಿಂತುಕೊಂಡು ಓದಬೇಡ, ಕೂತು ಓದು. ನನ್ನ ವಿಷಯ ಸಭೆಯಲ್ಲಿ ಹೇಳಬೇಡ.

ಹೊಟ್ಟೆಬಾಕರು ಸತ್ತುಹೋದರು. ಒಬ್ಬನನ್ನು ಬಿಟ್ಟು ಎಲ್ಲರೂ, ಬಂದ ವಾರದೊಳಗೇ. ವಾರ್ಡಿನ ಬಾಗಿಲಲ್ಲಿ ನಿಂತು ಎಷ್ಟೋ ತಂದೆತಾಯಿಗಳಿಗೆ ಕೆಟ್ಟ ಸುದ್ದಿ ಹೇಳಿದವಳು ನಾನು. ಸುತ್ತಿ ಬಳಸಿ ಮಾತಾಡಿದವಳಲ್ಲ. ಅಂಥವಳಿಗೆ, ನಿನ್ನ ಹುಳಗಳು ಸತ್ತವು ಎಂದು ಬರೆಯಲು ಕೈ ಓಡಲಿಲ್ಲ. ನನ್ನ ಕೈಗೆ ಕೊಟ್ಟದ್ದು ಬದುಕದೆ ಇರುವುದಿಲ್ಲ ಎಂದು ನೀನು ಬರೆದಾಗ ಅವು ಆಗಲೇ ಸತ್ತಿದ್ದವು.

ತಪ್ಪು ನನ್ನದೇ ಇರಬೇಕು. ಎಲೆ ಕಿತ್ತು, ತೊಳೆದು, ಒರೆಸಿ ಡಬ್ಬಿಯಲ್ಲಿ ಹಾಕಿ ಎಂದು ನೀನು ಚೀಟಿಯಲ್ಲಿ ಬರೆದಿದ್ದೆ. ಗಿಡ ಕಣ್ಣೆದುರಿಗೇ ಇರುವಾಗ ಬಿಸಿ ಊಟ ಬಿಟ್ಟು ತಂಗಳು ಯಾಕೆ ಹಾಕಬೇಕು ಎಂದು ಇಬ್ಬರನ್ನೂ ಗಿಡದ ಮೇಲೆಯೇ ಬಿಟ್ಟೆ. ಹೊಟ್ಟೆಬಾಕ ಹಿಂದೆಮುಂದೆ ನೋಡುವವನಲ್ಲ, ಕೂತ ಕಡೆಯೇ ಬಾಯಿ ಹಾಕಿದ. ಕಚ್ಚಿದಲ್ಲಿಂದ ಹಾಲು ಉಕ್ಕಿ ಬಂತು. ಮುಖವೆಲ್ಲ ಮೆತ್ತಿಕೊಂಡು, ಗಾಳಿಗೆ ಗಟ್ಟಿಯಾಗಿ, ಬಾಯಿ ಬಿಗಿದುಹೋಯಿತು. ಒದ್ದೆ ಹತ್ತಿಯಿಂದ ಒಬ್ಬೊಬ್ಬನದೇ ಬಾಯಿ ಒರೆಸಿದೆ ಪುಟ್ಟಿ. ಒರೆಸಿ ಬಿಟ್ಟರೆ ಮತ್ತೆ ಹೋಗಿ ಕಚ್ಚುತ್ತಿದ್ದವು. ಕೆಲವು ಎಲೆಗೆ ಅಂಟಿಕೊಂಡೇ ಒಣಗಿದವು, ಕೆಲವು ಹಸಿದುಕೊಂಡು ನೆಲಕ್ಕೆ ಬಿದ್ದವು. ಪಟ್ಟೆಯವರ ಎಳೆಯ ಮರಿಗಳಲ್ಲೂ ಒಂದೆರಡು ಹೀಗೇ ಹೋದವು. ಉಳಿದವರು ಗಟ್ಟಿಗರು.

ಬದುಕಿದ ಹೊಟ್ಟೆಬಾಕನ ಕಥೆ ಕೇಳು. ಪಟ್ಟೆಯವನು ನರ ಕತ್ತರಿಸಿ, ಹೊಟ್ಟೆ ತುಂಬಾ ತಿಂದು, ಅರ್ಧಕ್ಕೆ ಬಿಟ್ಟು ಹೋದ ಎಲೆಯೊಂದು ಮಡಚಿದ ಕೊಡೆಯ ಹಾಗೆ ಜೋತು ಬಿದ್ದಿತ್ತು. ಇವನು ಹೇಗೋ ತೆವಳಿಕೊಂಡು ಅಲ್ಲಿಗೆ ಸೇರಿದ. ಅಲ್ಲಿ ಕಚ್ಚಿದರೆ ಹಾಲೇ ಬರಲಿಲ್ಲ. ಆಮೇಲೆ ಪಟ್ಟೆಯವರು ತಿಂದು ಬಿಟ್ಟೆದ್ದ ಎಲೆಗಳನ್ನೇ ಹುಡುಕಿ ಹುಡುಕಿ ಅವನನ್ನು ಕೂರಿಸಿದೆ. ನನ್ನ ಕಿರುಬೆರಳಿನಷ್ಟಾಗಿ, ಮೊನ್ನೆ ಕೋಶ ಕಟ್ಟಲು ಕುಂಡದ ಮಣ್ಣಿನೊಳಗೆ ಇಳಿದ.

ನನ್ನ ಕೈಯಲ್ಲಿ ಸತ್ತವು ಎಂದ ಮಾತ್ರಕ್ಕೆ ನಿನ್ನ ಕೆಲಸಕ್ಕೆ ಅಡ್ಡಿಯಾಗದಿರಲಿ. ನಾನು ಕಲಿತವಳಲ್ಲ. ನೀನು ಹೇಳಿದ ಹಾಗೆ ಮಾಡಿದ್ದರೆ ಬದುಕುತ್ತಿದ್ದವು. ಕೋಪ ಮಾಡಿಕೊಳ್ಳಬೇಡ.

ಅತ್ತೆ


ಜುಲೈ ೧೨

ಅತ್ತೆ,

ನೀವು ಹೇಳಿದಂತೆ ಕೂತೇ ಓದಿದೆ. ಓದಿ ಮುಗಿಸಿದವಳು ಎದ್ದು, ಡಬ್ಬಿಯಿಂದ ನಾಲ್ಕು ಹೊಟ್ಟೆಬಾಕರನ್ನು ತೆಗೆದುಕೊಂಡು ಕಾಂಪೌಂಡಿನ ಪಕ್ಕದ ಎಕ್ಕದ ಗಿಡಕ್ಕೆ ಹೋದೆ. ಬಿಟ್ಟೆ. ಕಚ್ಚಿದವು. ಹಾಲು ಉಕ್ಕಿತು. ನೀವು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನನ್ನ ಕೈಯಲ್ಲಿ ಒದ್ದೆ ಹತ್ತಿಯೂ ಇರಲಿಲ್ಲ, ಸೆರಗಿನ ತುದಿಯಿಂದ ಒರೆಸಿದೆ.

ಗಿಡದ ನರಗಳಲ್ಲಿ ಹಾಲು ಒತ್ತಡದಿಂದ ತುಂಬಿಕೊಂಡಿರುತ್ತದೆ. ಕಚ್ಚಿದರೆ ಚಿಮ್ಮುತ್ತದೆ. ಆದರೆ ಎಲೆಯನ್ನು ಗಿಡದಿಂದ ಕತ್ತರಿಸಿದ ಕ್ಷಣ ಆ ಹಾಲು ತೊಟ್ಟಿನಿಂದ ಸೋರಿಹೋಗುತ್ತದೆ. ಮಿಕ್ಕದ್ದನ್ನು ನಾನು ನೀರಿನಲ್ಲಿ ಅದ್ದಿ ತೆಗೆದೆ. ಇಷ್ಟು ತಿಂಗಳು ನಾನು ಹೊಟ್ಟೆಬಾಕರಿಗೆ ಎಕ್ಕ ತಿನ್ನಿಸಲಿಲ್ಲ ಅತ್ತೆ, ಹಾಲು ಬಸಿದ ಎಲೆ ತಿನ್ನಿಸಿದೆ. ಪಟ್ಟೆಯವನು ಬಾಯಿಂದ ಮಾಡುವ ಕೆಲಸವನ್ನು ನಾನು ಕತ್ತರಿಯಿಂದ ಮಾಡಿ, ತೊಳೆದು, ಒರೆಸಿ, ಬಡಿಸಿ, "ನೋಡಿ, ಇವನಿಗೂ ಬರುತ್ತದೆ" ಎಂದು ಹಿಗ್ಗಿದೆ. ಯಾವ ಶುಚಿಗೆ ನನ್ನ ಬೆನ್ನು ತಟ್ಟಿದರೋ ಅದೇ ಶುಚಿ ನನ್ನ ಕಣ್ಣಿಗೆ ಮಣ್ಣೆರಚಿತು. ಕೋಸು, ಹರಳಿನ ಎಲೆಗೆಲ್ಲ ಇಲ್ಲಿ ಹೀಗೇ ಮಾಡುತ್ತಾರೆ, ಅಲ್ಲಿ ಏನೂ ಕೆಡುವುದಿಲ್ಲ. ಎಕ್ಕಕ್ಕೆ ಮಾತ್ರ ಕೆಟ್ಟಿತು.

ಮತ್ತೆ ಪಟ್ಟೆಯವನು! ಹಳೆಯ ಚಾಳಿ ಎಂದೆನಲ್ಲ ನಾನು. ಮರಿಯಿದ್ದಾಗ ತನ್ನ ಸುತ್ತಲಿನ ಹಾಲಿನ ದಾರಿಯನ್ನೆಲ್ಲ ಕಡಿದುಕೊಂಡು ಒಣ ತಟ್ಟೆ ಮಾಡಿಕೊಳ್ಳುತ್ತಾನೆ, ದೊಡ್ಡವನಾದಾಗ ಎಲೆಯ ಬುಡದಲ್ಲೇ ಹಾಲಿನ ನಲ್ಲಿ ತಿರುಗಿಸಿ ನಿಲ್ಲಿಸುತ್ತಾನೆ. ನೀವು ಅದನ್ನು ಅಷ್ಟು ಬಿಡಿಸಿ ಬರೆದಿರಿ. ನಾನು ಅಚ್ಚಾದ ಶೀರ್ಷಿಕೆ ನೋಡಿಕೊಂಡು ಓದಿದೆ. ಅವನು ಕೆಲಸ ಮುಗಿಸುವುದನ್ನು ನಿನ್ನೆ ಗಿಡದ ಬುಡದಲ್ಲಿ ಕೂತು ನೋಡಿದೆ. ಎಂಥ ಜೀವ ಅತ್ತೆ ಅದು.

ಇಲ್ಲಿ ಇದು ಯಾರಿಗೂ ಗೊತ್ತಿಲ್ಲ. ಎಲ್ಲರೂ ನನ್ನ ಕಡೆಯೇ ಇದ್ದಾರೆ. ಸಭೆಗೆ ಇನ್ನು ಒಂದೇ ವಾರ.

ಪುಟ್ಟಿ


ಜುಲೈ ೧೫

ಪುಟ್ಟಿ,

ಏನು ಮಾಡಲಿ ಎಂದು ನೀನು ಕೇಳಲಿಲ್ಲ. ನಾನೂ ಹೇಳುವುದಿಲ್ಲ. ಕೆಲಸ ನಿನ್ನದು, ಅನ್ನ ನಿನ್ನದು.

ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ನಿನ್ನ ಗಂಡನಿಗೆ ಎಲ್ಲವನ್ನೂ ಹೇಳಿಬಿಟ್ಟೆ. "ಅವಳು ಸುಮ್ನಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದ. "ಅವಳಿಗೆ ಗೊತ್ತಾಗಿದೆಯಲ್ಲೋ" ಎಂದೆ. ಕುರ್ಚಿಯಿಂದ ಎದ್ದು, ಮೊದಲ ಸಲ ಹೊಸ್ತಿಲು ದಾಟಿ ಬಂದು ಗಿಡಕ್ಕೆ ನೀರು ಹಾಕಿದ. ನಿನ್ನ ಮೇಲೆ ಬೇಸರವೇನೂ ಮಾಡಿಕೊಂಡಿಲ್ಲ.

ನನಗೆ ಮಾತ್ರ ಒಂದು ಭಾರ ಇಳಿಯಿತು. ಅವು ನನ್ನ ಕೈಗುಣದಿಂದ ಸಾಯಲಿಲ್ಲ ಎಂದು ತಿಳಿದು ಆವತ್ತು ರಾತ್ರಿ ನಿದ್ದೆ ಬಂತು. ನೀನು ನಿದ್ದೆಗೆಟ್ಟಿರುವಾಗ ನನಗೆ ನಿದ್ದೆ ಬಂತಲ್ಲ ಎಂದು ಬೆಳಿಗ್ಗೆ ನಾಚಿಕೆಯಾಯಿತು.

ಅತ್ತೆ


ಜುಲೈ ೨೧

ಅತ್ತೆ,

ನಿನ್ನೆ ಸಭೆ ಮುಗಿಯಿತು. ಹುದ್ದೆ ಕೋಸಿನ ಹುಳದವರಿಗೆ ಹೋಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ನೀವು ಕೊನೆಯವರೆಗೆ ಉಸಿರು ಹಿಡಿದುಕೊಂಡು ಓದುವುದು ಬೇಡ.

ನಾನು ಎಕ್ಕದ ಗಿಡವನ್ನೇ ಒಬ್ಬ ಪಟ್ಟೆಯವನ ಸಮೇತ ಕುಂಡದಲ್ಲಿ ಹೊತ್ತುಕೊಂಡು ಹೋದೆ. ಎಲ್ಲರೂ ನಕ್ಕರು. ಅಚ್ಚಾದ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಿ, "ಇದು ತಪ್ಪು. ಇದನ್ನ ತಪ್ಪು ಮಾಡಿದ್ದು ನನ್ನ ಕತ್ತರಿ" ಎಂದೆ. ಆಮೇಲೆ ಯಾರೂ ನಗಲಿಲ್ಲ. ಕಿತ್ತ ಎಲೆ, ಗಿಡದ ಎಲೆ, ಎರಡನ್ನೂ ಹೇಳಿದೆ. ನಿಮ್ಮ ಬಾಲ್ಕನಿಯ ಸಾವುಗಳನ್ನು ಹೇಳಿದೆ, ಒದ್ದೆ ಹತ್ತಿಯನ್ನೂ ಹೇಳಿದೆ. ನೀವು ಬರೆಯಲಾರದೆ ಮುಚ್ಚಿಟ್ಟುಕೊಂಡಿದ್ದ ಆ ಸಾವುಗಳೇ ಈ ಇಡೀ ಕೆಲಸದಲ್ಲಿ ನಿಜವಾಗಿದ್ದ ಸಂಗತಿ ಅತ್ತೆ. ಪಟ್ಟೆಯವನು ಬಿಟ್ಟೆದ್ದ ಎಲೆಯಲ್ಲಿ ಹೊಟ್ಟೆಬಾಕ ಬದುಕಿದ್ದು ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು.

ದೊಡ್ಡವರು ನನ್ನನ್ನು ಪಕ್ಕಕ್ಕೆ ಕರೆದು, "ಹುದ್ದೆ ಕೊಡೋ ಹಾಗಿಲ್ಲಮ್ಮ. ಸಮಿತಿ ಮುಗಿದ ಕೆಲಸ ನೋಡಿ ಕೊಡತ್ತೆ. ನಿಮ್ಮದು ಈಗ ಶುರುವಾಗಿದೆ" ಎಂದರು. ಮುಖ ನೋಡಿ ಹೇಳಲಾರದೆ ನೆಲ ನೋಡಿ ಹೇಳಿದರು. ನಾನು ತಲೆಯಾಡಿಸಿದೆ. ಎಲ್ಲರೂ ಊಟಕ್ಕೆ ಹೋದರು.

ನಾನು ಕುಂಡ ತರಲು ಒಳಗೆ ಹೋದರೆ ದೊಡ್ಡವರು ಅದರ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಕನ್ನಡಕ ಹಣೆಯ ಮೇಲೆ. ಪಟ್ಟೆಯವನು ಆಗಷ್ಟೇ ನಡುನರ ಕಚ್ಚಲು ಶುರುಮಾಡಿದ್ದ. ಅಷ್ಟು ದೊಡ್ಡ ಮನುಷ್ಯರು, ತಮ್ಮ ಮಾತೇ ಸರಿಯಾಯಿತು ಎಂದು ಒಂದು ಸಲವೂ ಬೀಗಲಿಲ್ಲ. "ಬಯಲಲ್ಲಿ ಹುಳ ಎಣಿಸಿದೀನಿ, ಕೂತು ನೋಡಿರ್ಲಿಲ್ಲ" ಎಂದರಷ್ಟೆ. ನಾನೂ ಪಕ್ಕದಲ್ಲಿ ಕೂತೆ. ಅವನು ಕಚ್ಚಿದ, ಸರಿದ, ಬಾಯಿ ಒರೆಸಿಕೊಂಡ, ಮತ್ತೆ ಕಚ್ಚಿದ. ಎಲೆ ನಿಧಾನವಾಗಿ ಜೋತು ಬಿತ್ತು. ಇಬ್ಬರೂ ಉಸಿರು ಬಿಟ್ಟೆವು.

"ನಿಮ್ಮತ್ತೆ ಇದನ್ನ ಯಾವಾಗ್ನಿಂದ ನೋಡ್ತಿದಾರೆ?"

"ಜೂನ್‌ನಿಂದ ಸಾರ್."

"ಪುಣ್ಯವಂತರು" ಎಂದರು. ಕಾವಲುಗಾರ ಬಂದು ಊಟ ಆರಿಹೋಗುತ್ತದೆ ಎಂದರೂ ಏಳಲಿಲ್ಲ. ಕೆಲಸವನ್ನು ನಿಲ್ಲಿಸಬೇಡಿ, ಎಲ್ಲಿಂದ ಮಾಡಿದರೂ ಸರಿ, ನನಗೆ ಬರೆದು ಕಳಿಸಿ, ನಾನೇ ಬಂದು ನೋಡುತ್ತೇನೆ ಎಂದರು.

ಕೋಣೆ ಖಾಲಿ ಮಾಡಿದ್ದೇನೆ. ಡಬ್ಬಿಗಳನ್ನು ತೊಳೆದಿಟ್ಟೆ, ಬೀಗದ ಕೈ ಕೊಟ್ಟೆ. ಕೋಸಿನ ಹುಳದವರು ನನ್ನ ಕೈ ಹಿಡಿದುಕೊಂಡು ನಿಂತರು. ನಾನೇ ಅವರಿಗೆ ಸಮಾಧಾನ ಹೇಳಿದೆ. ಎಲ್ಲರೂ ಎಷ್ಟು ಗಟ್ಟಿ ಹೆಂಗಸು ಎಂದರು. ಶನಿವಾರದ ಬಸ್ಸಿಗೆ ಬರುತ್ತೇನೆ. ಹೋದ ಹುದ್ದೆಗಾಗಿ ನಾನಿನ್ನೂ ಅತ್ತಿಲ್ಲ ಅತ್ತೆ. ಮನೆಗೆ ಬಂದು ನಿಮ್ಮ ಮುಂದೆ ಅಳಬೇಕೆಂದು ತಡೆದಿಟ್ಟುಕೊಂಡಿದ್ದೇನೆ.

ನಿಮ್ಮ ಪುಟ್ಟಿ